ಕೊಳೆಗೆ ಬಂದ ಬೆಲೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಲ್ಲಿದ್ದಲು ಸೀಮೆಯಲ್ಲಿ ಕಿತ್ತಳೆ ಬಣ್ಣದ ಹೊಳೆಗಳಿವೆ. ತಳದ ಕಲ್ಲು, ನೀರಿಗೆ ಬಿದ್ದ ಕೊಂಬೆ, ಕೊಳೆತ ಎಲೆ, ಎಲ್ಲದರ ಮೇಲೂ ತುಕ್ಕಿನ ಮೆತ್ತನೆಯ ಲೇಪ. ಅಲ್ಲಿನ ಗಣಿ ಕೆಲಸಗಾರರು ಅದಕ್ಕೆ ‘ಯೆಲ್ಲೋ ಬಾಯ್’ ಎಂದು ಹೆಸರಿಟ್ಟಿದ್ದರು. ಎಷ್ಟೋ ಕಡೆ ನೀರು ಮೇಲ್ನೋಟಕ್ಕೆ ತಿಳಿಯಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ ಮೀನಿಲ್ಲ, ಮೀನು ತಿನ್ನುವ ಹುಳುವೂ ಇಲ್ಲ. ಕಲ್ಲಿದ್ದಲಿನ ಜೊತೆಗೇ ಇರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ, ಗಾಳಿ ಸೋಕದ ಆಳದಲ್ಲಿ ಕೋಟ್ಯಂತರ ವರ್ಷ ಸುಮ್ಮನೆ ಬಿದ್ದಿತ್ತು. ಗಣಿ ತೋಡಿದಾಗ ಗಾಳಿ ತಗುಲಿತು. ಗಣಿ ಬಿಟ್ಟುಹೋದಾಗ ನೀರು ತುಂಬಿತು. ಮೂರೂ ಸೇರಿದರೆ ಗಂಧಕಾಮ್ಲ ಹುಟ್ಟುತ್ತದೆ. ಆ ಆಮ್ಲ ಸುತ್ತಲ ಬಂಡೆಯನ್ನು ಕರಗಿಸಿ, ಕಬ್ಬಿಣ, ಅಲ್ಯೂಮಿನಿಯಂ, ಮ್ಯಾಂಗನೀಸ್‌ಗಳನ್ನು ಹೊತ್ತುಕೊಂಡು ಹೊಳೆಗೆ ಇಳಿಯುತ್ತದೆ. ಕಂಪನಿ ಮುಳುಗಿ, ಮಾಲೀಕ ತೀರಿಕೊಂಡು, ಕೆಲಸಗಾರರ ಮೊಮ್ಮಕ್ಕಳು ಊರು ಬಿಟ್ಟ ಮೇಲೂ ಇದು ನಿಲ್ಲುವುದಿಲ್ಲ.

ಅದೇ ರಾಜ್ಯದ ಓಲ್ಡ್ ಫೋರ್ಜ್ ಎಂಬ ಊರಿನ ಬಳಿ, ನೀರು ತುಂಬಿದ ಹಳೆಯ ಗಣಿಗಳು ಜನರ ಮನೆಗಳ ನೆಲಮಾಳಿಗೆಗೆ ಉಕ್ಕದಿರಲೆಂದು 1960ರ ದಶಕದ ಮೊದಲಲ್ಲಿ ನೆಲ ಕೊರೆದು ದಾರಿ ಮಾಡಿದರು. ಅಂದಿನಿಂದ ದಿನಕ್ಕೆ ಹತ್ತು ಕೋಟಿ ಲೀಟರಿಗೂ ಹೆಚ್ಚು ಕಬ್ಬಿಣದ ನೀರು ಅಲ್ಲಿಂದ ಲ್ಯಾಕವಾನಾ ನದಿಗೆ ಸುರಿಯುತ್ತಿದೆ. ಆ ಕಲ್ಲಿದ್ದಲು ಕಾಯಿಸಿದ ಮನೆಗಳು, ಕರಗಿಸಿದ ಉಕ್ಕು, ಓಡಿಸಿದ ರೈಲು ಎಲ್ಲವೂ ಹಳೆಯ ಕತೆ. ಉಳಿದಿರುವುದು ಎರಡು. ಒಂದು ನೀರಿಗೆ ಇಳಿಯಿತು, ಇನ್ನೊಂದು ಚಿಮಣಿಯಿಂದ ಮೇಲೇರಿ ಗಾಳಿಯಲ್ಲಿ ನಿಂತಿತು.

ಈ ಎರಡನ್ನೂ ಮುಖಾಮುಖಿ ಮಾಡಿಸುವ ಪ್ರಯತ್ನವೊಂದು ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದೆ. ಗಣಿಯ ಆಮ್ಲದ ನೀರಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜೊತೆಗೆ ಬಹಳ ಸಣ್ಣ ಪ್ರಮಾಣದಲ್ಲಿ ‘ರೇರ್ ಅರ್ಥ್’ ಎಂದು ಎಲ್ಲರೂ ಕರೆಯುವ ವಿರಳ ಧಾತುಗಳೂ ಕರಗಿರುತ್ತವೆ. ವಿದ್ಯುತ್ ಕಾರಿನ ಮೋಟಾರಿಗೂ ಗಾಳಿಯಂತ್ರಕ್ಕೂ ಬೇಕಾದ ಬಲವಾದ ಅಯಸ್ಕಾಂತಗಳಲ್ಲಿರುವ ನಿಯೋಡಿಮಿಯಂ ಈ ಗುಂಪಿನದೇ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಶರ್ಮ ಪಿಸುಪಾಟಿ ಮತ್ತು ಅವರ ಸಂಗಡಿಗರು 2021ರಲ್ಲಿ ಪ್ರಕಟಿಸಿದ ಕೆಲಸದ ತಿರುಳು ಇಷ್ಟು: ಆಮ್ಲದ ನೀರಿಗೆ ಕ್ಷಾರವನ್ನು ಒಮ್ಮೆಲೇ ಸುರಿಯದೆ ಹಂತಹಂತವಾಗಿ ಹಾಕುವುದು, ಜೊತೆಗೆ ಕಾರ್ಬನ್ ಡೈಆಕ್ಸೈಡ್ ಹಾಯಿಸುವುದು. ಪಿಎಚ್ 5ಕ್ಕೆ ಬರುವಷ್ಟರಲ್ಲಿ ಅಲ್ಯೂಮಿನಿಯಂನ ಶೇ. 90ಕ್ಕೂ ಹೆಚ್ಚು ಪಾಲು ಕೆಳಗೆ ಕೂರುತ್ತದೆ. ಮುಂದೆ ಪಿಎಚ್ 7ರ ಹೊತ್ತಿಗೆ ವಿರಳ ಧಾತುಗಳ ಸುಮಾರು ಶೇ. 85 ಪಾಲು ಕಾರ್ಬೊನೇಟ್ ರೂಪದಲ್ಲಿ ಘನವಾಗಿ ಬೇರೆಯಾಗುತ್ತದೆ. ಅನಿಲವಿಲ್ಲದಿದ್ದರೆ ಇಷ್ಟು ಪಾಲು ಸಿಗಲು ನೀರನ್ನು ಇನ್ನೂ ಬಹಳ ಕ್ಷಾರೀಯ ಮಾಡಬೇಕು. ಅಂದರೆ ರಾಸಾಯನಿಕದ ಖರ್ಚು ಹೆಚ್ಚು, ಆಮೇಲೆ ಆ ನೀರನ್ನು ಹೊಳೆಗೆ ಬಿಡಲು ಮತ್ತೊಮ್ಮೆ ಹದ ಮಾಡುವ ಕೆಲಸವೂ ಉಂಟು. ಏಳಕ್ಕೆ ನಿಂತ ನೀರು ಹೊಳೆಗೆ ಹತ್ತಿರದ ನೀರು.

ಇದರ ಒಳಗುಟ್ಟು ನಮಗೆ ಅಪರಿಚಿತವಲ್ಲ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುವುದನ್ನು ಶಾಲೆಯಲ್ಲಿ ನೋಡದವರು ಕಡಿಮೆ. ನೀರಿನಲ್ಲಿ ಕರಗಿ ಕಾಣದಂತಿದ್ದ ಕ್ಯಾಲ್ಸಿಯಂ, ಉಸಿರಿನಲ್ಲಿದ್ದ ಕಾರ್ಬನ್ ಡೈಆಕ್ಸೈಡನ್ನು ಹಿಡಿದುಕೊಂಡು ಸುಣ್ಣಕಲ್ಲಿನ ನುಣುಪು ಪುಡಿಯಾಗುತ್ತದೆ. ಗೋಡೆಗೆ ಬಳಿದ ಸುಣ್ಣ ದಿನಕಳೆದಂತೆ ಗಟ್ಟಿಯಾಗುವುದೂ ಹೀಗೆಯೇ, ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಕುಡಿದು. ಕಾರ್ಖಾನೆಯ ನೀರಿನಲ್ಲಿ ಕ್ಯಾಲ್ಸಿಯಂ ಇರಲಿ, ಮೆಗ್ನೀಸಿಯಂ ಇರಲಿ, ವಿರಳ ಧಾತುವಿರಲಿ, ಹದ ಸರಿಯಾಗಿದ್ದರೆ ಹೊಗೆಯೊಳಗಿನ ಅನಿಲ ಅದನ್ನು ಕಲ್ಲಾಗಿಸಬಲ್ಲದು. ಕಲ್ಲಾದ ಮೇಲೆ ಆ ಅನಿಲವೂ ಆಕಾಶಕ್ಕೆ ಹೋಗುವುದಿಲ್ಲ, ಆ ಲೋಹವೂ ಹೊಳೆಗೆ ಹೋಗುವುದಿಲ್ಲ.

ಇದರಲ್ಲಿ ಒಂದು ನಿಜವಾದ ಸಂತೋಷವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಎರಡು ಹೊಲಸುಗಳು ಒಂದನ್ನೊಂದು ತೊಳೆಯುತ್ತವೆ ಎಂಬ ವಿಚಾರಕ್ಕೆ ಯಾರ ಮನಸ್ಸಾದರೂ ಅರಳುತ್ತದೆ. ಪರಿಸರದ ಸುದ್ದಿಯೆಂದರೆ ನಷ್ಟದ ಸುದ್ದಿಯೇ ಆಗಿರುವ ಕಾಲದಲ್ಲಿ ಕೈಗೆ ಏನೋ ದಕ್ಕುವ ಸುದ್ದಿ ಇದು. ಆದರೆ ದಕ್ಕುವುದು ಯಾರ ಕೈಗೆ, ಏನು ದಕ್ಕಿದ ಮೇಲೆ ಕೆಲಸ ಮುಗಿಯಿತು ಎನ್ನುತ್ತೇವೆ ಎಂಬುದನ್ನು ಈಗಲೇ ಕೇಳಿಕೊಳ್ಳದಿದ್ದರೆ, ನಾಳೆ ಕೇಳುವ ಜಾಗವೂ ಉಳಿಯುವುದಿಲ್ಲ.

ಇಂಥ ಕೆಲಸ ಮನುಷ್ಯರಿಗೆ ಹೊಸದೆಂದು ತಿಳಿಯುವುದು ತಪ್ಪು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಇದೇ ಅನಿಲ, ಇದೇ ಬಗೆಯ ಕೊಳೆ, ಇದೇ ಪ್ರಶ್ನೆ ಇದ್ದವು. ಸಾಬೂನು, ಗಾಜು, ಬಟ್ಟೆ ಮೂರಕ್ಕೂ ಸೋಡಾ ಬೇಕಿತ್ತು. ಉಪ್ಪಿನಿಂದ ಸೋಡಾ ಮಾಡುವ ಲೆಬ್ಲಾಂಕ್ ವಿಧಾನದ ಕಾರ್ಖಾನೆಗಳು ಸೇಂಟ್ ಹೆಲೆನ್ಸ್, ವಿಡ್ನೆಸ್ ಊರುಗಳ ತುಂಬ ಎದ್ದವು. ಅವುಗಳ ಚಿಮಣಿಯಿಂದ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಹೊರಟು ಮರ, ಬೇಲಿ, ಬೆಳೆಗಳನ್ನು ಸುಟ್ಟಿತು. ಹಿತ್ತಲಿನಲ್ಲಿ ಕ್ಯಾಲ್ಸಿಯಂ ಸಲ್ಫೈಡಿನ ಕಸ ಗುಡ್ಡಗಟ್ಟಿತು. ತಯಾರಾದ ಸೋಡಾದ ತೂಕಕ್ಕೆ ಹೆಚ್ಚುಕಡಿಮೆ ಸಮನಾದ ಕಸ. ಮಳೆ ಬಿದ್ದರೆ ಆ ಗುಡ್ಡಗಳಿಂದ ಹಳದಿ ನೀರು ಸೋರಿ, ಕೊಳೆತ ಮೊಟ್ಟೆಯ ನಾತ ಊರಿಡೀ ಹರಡುತ್ತಿತ್ತು.

ವಿಲಿಯಂ ಗಾಸೇಜ್ ಎಂಬಾತ 1836ರಲ್ಲೇ ಒಂದು ಗೋಪುರ ಕಟ್ಟಿ ತೋರಿಸಿದ್ದ. ಮೇಲಿನಿಂದ ನೀರು ತೊಟ್ಟಿಕ್ಕುತ್ತ ಇಳಿದರೆ, ಕೆಳಗಿನಿಂದ ಏರುವ ಆಮ್ಲದ ಆವಿ ಅದರಲ್ಲಿ ಕರಗಿಬಿಡುತ್ತದೆ. ಉಪಾಯ ಸುಲಭ, ಖರ್ಚೂ ತೀರಾ ಹೆಚ್ಚಿನದಲ್ಲ. ಆದರೂ ಎಲ್ಲರೂ ಕಟ್ಟಿಕೊಳ್ಳಲಿಲ್ಲ. ಕಟ್ಟಿಕೊಂಡವರಲ್ಲೂ ಹಲವರು ಆಮ್ಲದ ನೀರನ್ನು ಪಕ್ಕದ ಹಳ್ಳಕ್ಕೆ ಬಿಟ್ಟರು. ಗಾಳಿಯ ಕೇಡು ನೀರಿನ ಕೇಡಾಯಿತು, ಅಷ್ಟೆ. ಈ ಮಾತನ್ನು ನಾವು ಕೈಬಿಡಬಾರದು, ಏಕೆಂದರೆ ಹೊಗೆಯನ್ನು ನೀರಿಗೆ ಹಾಯಿಸುವ ಎಲ್ಲ ಉಪಾಯಗಳಿಗೂ ಈ ಅಪಾಯ ಅಂಟಿಕೊಂಡೇ ಬರುತ್ತದೆ. ಆಮೇಲೆ 1863ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಆಲ್ಕಲಿ ಕಾಯ್ದೆ ತಂದಿತು. ಆಮ್ಲದ ಆವಿಯಲ್ಲಿ ಶೇ. 95ರಷ್ಟನ್ನು ಹಿಡಿಯಲೇಬೇಕು ಎಂದಿತು. ಕಾರ್ಖಾನೆಗಳ ಒಳಹೊಕ್ಕು ಅಳೆಯಲು ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞನನ್ನು ಮೊದಲ ತಪಾಸಣಾಧಿಕಾರಿಯಾಗಿ ನೇಮಿಸಿತು.

ಕಾಯ್ದೆಯ ಒತ್ತಾಯಕ್ಕೆ ಹಿಡಿದ ಆ ಆಮ್ಲದಿಂದ ಕ್ಲೋರಿನ್ ತೆಗೆದು, ಹತ್ತಿ ಬಟ್ಟೆಗೆ ಬೇಕಾದ ಬ್ಲೀಚಿಂಗ್ ಪೌಡರ್ ಮಾಡುವ ವಿಧಾನಗಳು ಬೆಳೆದದ್ದು ಆ ಬಳಿಕ. ಮುಂದೆ ಬೆಲ್ಜಿಯಂನ ಅರ್ನೆಸ್ಟ್ ಸಾಲ್ವೇ ಅವರ ಹೊಸ ವಿಧಾನ ಸೋಡಾದ ಬೆಲೆ ಇಳಿಸಿದಾಗ, ಲೆಬ್ಲಾಂಕ್ ಕಾರ್ಖಾನೆಗಳು ಉಸಿರಾಡಿದ್ದೇ ಆ ಬ್ಲೀಚಿಂಗ್ ಪೌಡರಿನ ಹಣದಲ್ಲಿ. ಕಸದ ಗುಡ್ಡಕ್ಕೂ ಒಂದು ದಾರಿ ಸಿಕ್ಕಿತು. ಅಲೆಕ್ಸಾಂಡರ್ ಚಾನ್ಸ್ ಎಂಬ ಉದ್ಯಮಿ 1880ರ ದಶಕದಲ್ಲಿ ಆ ಕಸವನ್ನು ನೀರಿನಲ್ಲಿ ಕಲಸಿ, ಸುಣ್ಣದ ಗೂಡಿನಿಂದ ಹೊರಡುವ ಕಾರ್ಬನ್ ಡೈಆಕ್ಸೈಡನ್ನು ಅದರೊಳಗೆ ಹಾಯಿಸಿದ. ಕ್ಯಾಲ್ಸಿಯಂ ಸುಣ್ಣಕಲ್ಲಾಗಿ ಕೆಳಗೆ ಕೂತಿತು. ಬಿಡುಗಡೆಯಾದ ಅನಿಲದಿಂದ ಶುದ್ಧ ಗಂಧಕ ಸಿಕ್ಕಿತು. ಹೊಗೆಯಿಂದ ಕೊಳೆಯನ್ನು ಒಡೆದು ಖನಿಜ ತೆಗೆದ ಈ ಕೆಲಸಕ್ಕೆ ನೂರಮೂವತ್ತು ವರ್ಷ ಮೀರಿದ ವಯಸ್ಸು. ಆದರೆ ಅಷ್ಟರೊಳಗೆ ರಾಶಿಬಿದ್ದಿದ್ದ ಹಳೆಯ ಗುಡ್ಡಗಳು ಉಳಿದೇ ಉಳಿದವು. ವಿಡ್ನೆಸ್ ಊರಿನ ಎಷ್ಟೋ ಭಾಗ ಇಂದಿಗೂ ಆ ಕಸದ ಮೇಲೆಯೇ ನಿಂತಿದೆ.

ಈ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಘಟನೆಗಳ ಹಿಂದುಮುಂದು. ಮೊದಲು ಬಂದದ್ದು ‘ಹೊರಗೆ ಬಿಡಬೇಡ’ ಎಂಬ ಆಜ್ಞೆ. ಬಿಡಲಾಗದೆ ಕೈಯಲ್ಲಿ ಉಳಿದದ್ದಕ್ಕೆ ಬೆಲೆ ಹುಡುಕಿದ್ದು ಆಮೇಲೆ. ಗಾಸೇಜನ ಗೋಪುರಕ್ಕೂ ಕಾಯ್ದೆಗೂ ನಡುವೆ 27 ವರ್ಷ ಕಳೆದವು. ಆ ಅವಧಿಯಲ್ಲಿ ಹುಟ್ಟಿ, ಆ ಗಾಳಿಯನ್ನೇ ಕುಡಿದು ಬೆಳೆದ ಮಕ್ಕಳು ಆ ಊರುಗಳಲ್ಲಿದ್ದರು. ಲಾಭ ಕಾಣುವ ತನಕ ಕಾಯೋಣ ಎಂದವರ ಕಾಯುವಿಕೆಯ ಖರ್ಚನ್ನು ತೆತ್ತವರು ಅವರು.

ನಮ್ಮ ಕಾಲದಲ್ಲಿ ಈ ಹಿಂದುಮುಂದು ಅದಲುಬದಲಾಗುತ್ತಿದೆ ಎಂಬುದು ನನ್ನ ಆತಂಕ. ತ್ಯಾಜ್ಯದ ಮಾತು ಬಂದೊಡನೆ ‘ಇದರಲ್ಲಿ ಏನು ಸಿಗುತ್ತದೆ’ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಉತ್ತರ ಚೆನ್ನಾಗಿದ್ದರೆ ಹಣ ಬರುತ್ತದೆ, ಯಂತ್ರ ಬರುತ್ತದೆ, ಮಂತ್ರಿಗಳೂ ಬರುತ್ತಾರೆ. ವಿರಳ ಧಾತುಗಳ ಸಂಗತಿಯೇ ನೋಡಿ. ಇವುಗಳ ಸಂಸ್ಕರಣೆಯ ಬಹುಪಾಲು ಚೀನಾದ ಕೈಯಲ್ಲಿದೆ. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ಧಾತುಗಳ ರಫ್ತಿಗೆ ಕಟ್ಟಳೆ ಹಾಕಿದಾಗ ನಮ್ಮ ದೇಶದ ವಾಹನ ತಯಾರಕರಿಗೂ ಅಯಸ್ಕಾಂತ ಸಿಗುವುದು ಕಷ್ಟವಾಯಿತು. ಅಂಥ ಹೊತ್ತಿನಲ್ಲಿ, ನೂರು ವರ್ಷ ಯಾರೂ ತಿರುಗಿ ನೋಡದ ಕಿತ್ತಳೆ ಹೊಳೆ ಒಮ್ಮೆಲೇ ದೇಶದ ಸಂಪತ್ತಾಗಿ ಕಾಣುವುದು ಸಹಜ. ಹೊಳೆಗೆ ಅದರಿಂದ ಒಳ್ಳೆಯದೇ ಆಗಬಹುದು. ಆದರೆ ಚೀನಾ ಕಟ್ಟಳೆ ಸಡಿಲಿಸಿ ಧಾತುಗಳ ಬೆಲೆ ಬಿದ್ದ ದಿನ ಆ ಹೊಳೆಯ ಪಕ್ಕದ ಪಂಪನ್ನು ಯಾರು ನಡೆಸುತ್ತಾರೆ? ಬೆಲೆಯ ನೆಚ್ಚಿಕೆಯಲ್ಲಿ ಶುರುವಾದ ಶುದ್ಧೀಕರಣ ಬೆಲೆಯ ಜೊತೆಗೇ ನಿಲ್ಲುತ್ತದೆ. ಪೈರೈಟಿಗೆ ಮಾರುಕಟ್ಟೆಯ ಸುದ್ದಿ ತಲುಪುವುದಿಲ್ಲ. ಅದು ಆಮ್ಲ ಮಾಡುತ್ತಲೇ ಇರುತ್ತದೆ.

ಇನ್ನೂ ಆಳದ ತೊಡಕೊಂದಿದೆ. ಖನಿಜ ತೆಗೆಯುವುದೂ ನೀರು ತೊಳೆಯುವುದೂ ಒಂದೇ ಕೆಲಸವಲ್ಲ. ನಮ್ಮ ಕಪ್ಪತಗುಡ್ಡದ ಸುತ್ತಿನ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಮರಳು ಜಾಲಿಸಿ ಚಿನ್ನದ ಹುಡಿ ಹೆಕ್ಕುತ್ತಿದ್ದ ಜಲಗಾರರಿದ್ದರು. ಅಕ್ಕಸಾಲಿಗರ ಬೀದಿಯ ಚರಂಡಿ ಮಣ್ಣನ್ನು ಬಾಣಲೆಯಲ್ಲಿ ತೊಳೆದು ಕಣ ಚಿನ್ನ ತೆಗೆಯುವವರು ಇಂದಿಗೂ ಇದ್ದಾರೆ. ಅವರ ಕೈಚಳಕ, ತಾಳ್ಮೆ ದೊಡ್ಡದು. ಚಿನ್ನ ಸಿಕ್ಕಮೇಲೆ ಮಣ್ಣು ಮತ್ತೆ ಚರಂಡಿಗೇ ಹೋಗುತ್ತದೆ, ಹೋಗಲಿ. ಆ ಚರಂಡಿಯನ್ನು ಹೊಲಸು ಮಾಡಿದವರು ಅವರಲ್ಲ, ತೊಳೆಯುವ ಹೊಣೆಯೂ ಅವರದಲ್ಲ. ಆದರೆ ಒಂದು ನದಿಯನ್ನು ಕೆಡಿಸಿದ ಉದ್ದಿಮೆಯೇ ಅಥವಾ ಅದರ ವಾರಸುದಾರನಾದ ಸರ್ಕಾರವೇ ಆ ಜಾಲಿಸುವ ರೀತಿಯಲ್ಲಿ ಬಂದು ಕೂತರೆ? ಬೇಕಾದ ಪುಡಿ ಹೆಕ್ಕಿ, ಉಳಿದ ಮ್ಯಾಂಗನೀಸ್, ಸಲ್ಫೇಟ್, ರಾಡಿ ಎಲ್ಲವನ್ನೂ ಮೊದಲಿದ್ದ ಜಾಗಕ್ಕೇ ಬಿಟ್ಟು ಎದ್ದರೆ? ವರದಿಯಲ್ಲಿ ಶೇ. 85 ವಸೂಲಿ ಎಂದು ಬರೆಯಬಹುದು. ಮೀನಿಗೆ ಆ ಲೆಕ್ಕ ಅರ್ಥವಾಗುವುದಿಲ್ಲ.

ಹಾಗಾಗಿ ಇಂಥ ಪ್ರತಿಯೊಂದು ಯೋಜನೆಯಲ್ಲೂ ನಾನು ಕೇಳಲು ಬಯಸುವುದು ಇದನ್ನೇ: ನಿಮ್ಮ ಕಾರ್ಖಾನೆಯ ಮುಖ್ಯ ಸರಕು ಯಾವುದು, ಪುಡಿಯೋ ನೀರೋ? ನೀರು ಎಂದಾದರೆ ಪುಡಿಯಿಂದ ಬಂದ ಹಣ ನೀರಿನ ಸೇವೆಗೆ ಸಲ್ಲುತ್ತದೆ. ಪುಡಿಗೆ ಬೆಲೆ ಇಲ್ಲದ ವರ್ಷದಲ್ಲೂ ಕೆಲಸ ನಡೆಯುವಂತೆ ಬೇರೆ ಹಣ ತೆಗೆದಿಟ್ಟಿರುತ್ತೀರಿ. ಪುಡಿ ಎಂದಾದರೆ ಅದು ಇನ್ನೊಂದು ಗಣಿ. ಗಣಿಗೆ ಗಣಿಯ ಕಾನೂನು ಹಚ್ಚಬೇಕು, ಪರಿಸರ ಸೇವೆಯ ಹೆಸರು ಕೊಡಬಾರದು.

ನೀರನ್ನೇ ಮುಖ್ಯ ಮಾಡಿಕೊಂಡವರೂ ಇದ್ದಾರೆ, ಅದು ನನಗೆ ಧೈರ್ಯ ಕೊಡುತ್ತದೆ. ಪೆನ್ಸಿಲ್ವೇನಿಯಾದ ಪಕ್ಕದ ಓಹಾಯೋ ರಾಜ್ಯದಲ್ಲಿ ಗೈ ರೀಫ್ಲರ್ ಎಂಬ ಎಂಜಿನಿಯರ್ ಮತ್ತು ಜಾನ್ ಸ್ಯಾಬ್ರಾ ಎಂಬ ಚಿತ್ರಕಲಾವಿದ, ಇಬ್ಬರೂ ಓಹಾಯೋ ವಿಶ್ವವಿದ್ಯಾಲಯದ ಅಧ್ಯಾಪಕರು, ಗಣಿ ನೀರಿನ ತುಕ್ಕನ್ನು ಬಣ್ಣದ ಪುಡಿಯಾಗಿಸಿದ್ದಾರೆ. ಆ ನೀರಿನ ಕಬ್ಬಿಣ ಈಗ ಕಲಾವಿದರ ತೈಲವರ್ಣದ ಟ್ಯೂಬುಗಳಲ್ಲಿದೆ. ಬಣ್ಣ ಮಾರಿದ ಹಣ ಹೊಳೆಯ ಶುದ್ಧೀಕರಣಕ್ಕೆ ಹೋಗಬೇಕು ಎಂಬುದು ಅವರು ಮೊದಲೇ ಹಾಕಿಕೊಂಡ ಲೆಕ್ಕ. ಕಬ್ಬಿಣದ ಆಕ್ಸೈಡಿಗೆ ವಿರಳ ಧಾತುವಿನಷ್ಟು ಗಿರಾಕಿ ಇಲ್ಲ. ದೇಶದೇಶಗಳ ಹಗ್ಗಜಗ್ಗಾಟ ಇಲ್ಲ. ಆದರೂ ಕೆಲಸ ಸಾಗಿರುವುದು ಹೊಳೆಯ ಮೇಲಿನ ಅಕ್ಕರೆಯಿಂದ.

ಹಣ ತೆಗೆದಿಡುವ ಮಾತಿಗೂ ಅಲ್ಲಿ ಒಂದು ಮೇಲ್ಪಂಕ್ತಿ ಇದೆ. ಅಮೆರಿಕ 1977ರ ಕಾಯ್ದೆಯಲ್ಲಿ, ಹೊಸದಾಗಿ ತೆಗೆಯುವ ಪ್ರತಿ ಟನ್ ಕಲ್ಲಿದ್ದಲಿನ ಮೇಲೂ ಶುಲ್ಕ ಹಾಕಿ, ಮಾಲೀಕರಿಲ್ಲದ ಹಳೆಯ ಗಣಿಗಳ ದುರಸ್ತಿಗೆ ಬಳಸುವ ಏರ್ಪಾಟು ಮಾಡಿತು. 2021ರಲ್ಲಿ ಅದಕ್ಕೆ 1,100 ಕೋಟಿ ಡಾಲರಿಗೂ ಹೆಚ್ಚು ಹಣ ಸೇರಿಸಿತು. ಆಗ ಹೊಳೆಗಳ ಪರವಾಗಿ ದುಡಿಯುವ ಸ್ಥಳೀಯ ಸಂಘಗಳು ಒಂದು ಮಾತು ಎತ್ತಿದವು. ಕಟ್ಟಡ ಕಟ್ಟಲು ಹಣವಿದೆ, ಆದರೆ ಈ ನೀರು ನಮ್ಮ ಮರಿಮಕ್ಕಳ ಕಾಲಕ್ಕೂ ಬರುತ್ತದೆ, ಆಗ ಆಮ್ಲ ತಗ್ಗಿಸುವ ಸುಣ್ಣ ಕೊಳ್ಳುವವರು ಯಾರು? 2022ರ ಕೊನೆಯಲ್ಲಿ ‘ಸ್ಟ್ರೀಮ್’ ಕಾಯ್ದೆ ಬಂತು. ಆ ಹಣದಲ್ಲಿ ಶೇ. 30ರವರೆಗೆ ಆಮ್ಲದ ನೀರಿನ ದೀರ್ಘಕಾಲದ ಶುದ್ಧೀಕರಣಕ್ಕೆಂದು ಬೇರೆಯಾಗಿ ಇಡಲು ರಾಜ್ಯಗಳಿಗೆ ಅವಕಾಶವಾಯಿತು. ಯಾರ ಕಣ್ಣಿಗೂ ಬೀಳದ ಇಂಥ ಸಣ್ಣ ತಿದ್ದುಪಡಿಯಲ್ಲಿ, ದೊಡ್ಡ ಆವಿಷ್ಕಾರದಲ್ಲಿ ಇರುವಷ್ಟೇ ನೈತಿಕ ಎಚ್ಚರ ನನಗೆ ಕಾಣುತ್ತದೆ. ಇನ್ನೂ ಹುಟ್ಟದವರ ಸುಣ್ಣದ ಖರ್ಚನ್ನು ಯೋಚಿಸಿದವರು ಇದ್ದಾರೆ.

ಹೊಗೆಯ ಪಾಲಿನ ಲೆಕ್ಕವನ್ನೂ ನೇರವಾಗಿ ಹೇಳಿಬಿಡಬೇಕು. ಪಶ್ಚಿಮ ಆಸ್ಟ್ರೇಲಿಯಾದ ಕ್ವಿನಾನಾದಲ್ಲಿ ಅಲ್ಯೂಮಿನಾ ಕಾರ್ಖಾನೆಯ ಕೆಂಪು ರಾಡಿಗೆ ಪಕ್ಕದ ಅಮೋನಿಯಾ ಕಾರ್ಖಾನೆಯಿಂದ ಕೊಳವೆಯಲ್ಲಿ ಕಾರ್ಬನ್ ಡೈಆಕ್ಸೈಡ್ ತಂದು ಹಾಯಿಸುವ ಘಟಕ 2007ರಲ್ಲಿ ಶುರುವಾಯಿತು. ಬಾಕ್ಸೈಟಿನಿಂದ ಅಲ್ಯೂಮಿನಾ ತೆಗೆದ ಮೇಲೆ ಉಳಿಯುವ ಈ ರಾಡಿ ಚರ್ಮ ಸುಡುವಷ್ಟು ಕ್ಷಾರ. 2010ರ ಅಕ್ಟೋಬರಿನಲ್ಲಿ ಹಂಗೆರಿಯ ಅಯ್ಕಾದಲ್ಲಿ ಇಂಥದೇ ರಾಡಿಯ ಕಟ್ಟೆ ಒಡೆದು ಹಳ್ಳಿಗಳಿಗೆ ನುಗ್ಗಿ ಹತ್ತು ಜನ ಸತ್ತರು. ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯ ಸುತ್ತಲಿನವರಿಗೆ ಈ ಕೆಂಪು ರಾಡಿಯ ಪರಿಚಯ ಚೆನ್ನಾಗಿಯೇ ಇದೆ. ಅನಿಲ ಹಾಯಿಸಿದರೆ ಅದರ ಉಗ್ರತೆ ತಗ್ಗುತ್ತದೆ, ಅನಿಲವೂ ಬಂಧಿಯಾಗುತ್ತದೆ. ಕ್ವಿನಾನಾ ಘಟಕದ ಸಾಮರ್ಥ್ಯ ವರ್ಷಕ್ಕೆ 70,000 ಟನ್ ಇತ್ತು. ಕಲ್ಲಿದ್ದಲು, ಎಣ್ಣೆ, ಗ್ಯಾಸು ಸುಟ್ಟು ಜಗತ್ತು ವರ್ಷಕ್ಕೆ ಬಿಡುವುದು ಸುಮಾರು 3,700 ಕೋಟಿ ಟನ್. ಕೊಳೆ ನೀರುಗಳನ್ನೆಲ್ಲ ಒಟ್ಟುಗೂಡಿಸಿದರೂ ಅವು ಈ ಹೊಗೆಯನ್ನು ಕುಡಿದು ಮುಗಿಸಲಾರವು. ಹಾಗಾಗಿ ಚಿಮಣಿಯ ಒಂದು ಎಳೆಯನ್ನು ನೀರಿಗೆ ಹಾಯಿಸಿದ ಕಾರ್ಖಾನೆ ತನ್ನ ಮಿಕ್ಕ ಹೊಗೆಗೆಲ್ಲ ಮಾಫಿ ಸಿಕ್ಕಿತೆಂದು ಹೇಳಿಕೊಂಡರೆ ನಂಬಬಾರದು. ಇಲ್ಲಿ ಗೆಲ್ಲಬಹುದಾದದ್ದು ನೀರು. ಹವಾಮಾನದ ಜಗಳವನ್ನು ಸುಡುವುದು ಕಡಿಮೆ ಮಾಡಿಯೇ ಗೆಲ್ಲಬೇಕು.

ಬೆಲೆಬಾಳುವ ಏನೂ ಇಲ್ಲದ ಕೊಳೆಯ ಗತಿ ಏನು? ರಾಜಸ್ಥಾನದ ಉದಯಪುರದ ಬಳಿಯ ಬಿಚ್ಛಡಿ ಗ್ರಾಮದ ಕತೆ ನಮ್ಮ ದೇಶದ ಪರಿಸರ ಕಾನೂನು ಓದಿದವರಿಗೆಲ್ಲ ಗೊತ್ತು. 1980ರ ದಶಕದ ಕೊನೆಯಲ್ಲಿ ಅಲ್ಲಿನ ಕಾರ್ಖಾನೆಗಳು ಎಚ್ ಆ್ಯಸಿಡ್ ಎಂಬ ರಾಸಾಯನಿಕ ತಯಾರಿಸಿದವು. ಅದು ಬಣ್ಣದ ಉದ್ದಿಮೆಗೆ ಬೇಕಾದದ್ದು, ತಯಾರಾಗುತ್ತಿದ್ದುದು ರಫ್ತಿಗೆ. ವಿಷದ ಕೆಸರು ಬಯಲಿಗೆ ಬಿತ್ತು, ನೆಲಕ್ಕೆ ಇಂಗಿತು, ಸುತ್ತಲ ಬಾವಿಗಳ ನೀರು ಬಣ್ಣಗೆಟ್ಟು ಕುಡಿಯಲೂ ಹೊಲಕ್ಕೆ ಹಾಯಿಸಲೂ ಬಾರದಂತಾಯಿತು. ಆ ಕೆಸರಿನಲ್ಲಿ ನಿಯೋಡಿಮಿಯಂ ಇರಲಿಲ್ಲ, ಚಿನ್ನವಿರಲಿಲ್ಲ. ಸುಪ್ರೀಂ ಕೋರ್ಟ್ 1996ರ ಫೆಬ್ರುವರಿಯಲ್ಲಿ ತೀರ್ಪು ಕೊಟ್ಟಿತು: ಕೆಡಿಸಿದವರೇ ಸರಿಪಡಿಸುವ ಖರ್ಚು ಕೊಡಬೇಕು, ಎಚ್ಚರಿಕೆ ವಹಿಸಿದ್ದೆವು ಎಂಬ ಸಬೂಬು ನಡೆಯದು. ಅದು ಕೋರ್ಟಿನ ಬಾಯಿಂದ ಬಂದ ದೊಡ್ಡ ಮಾತು. ಆಮೇಲೆ ಅರ್ಜಿಯ ಮೇಲೆ ಅರ್ಜಿ ಬಿದ್ದು, 37 ಕೋಟಿ ರೂಪಾಯಿಗೂ ಹೆಚ್ಚಿನ ಆ ಹಣವನ್ನು ಬಡ್ಡಿ ಸಮೇತ ಕಟ್ಟಲೇಬೇಕೆಂದು ಅದೇ ಕೋರ್ಟ್ ಮತ್ತೊಮ್ಮೆ ಖಡಾಖಂಡಿತ ಹೇಳುವಷ್ಟರಲ್ಲಿ 2011 ಬಂದಿತ್ತು. ಹದಿನೈದು ವರ್ಷ. ಆ ಬಾವಿಗಳನ್ನೇ ನಂಬಿದ್ದ ರೈತರು ಅಷ್ಟೂ ವರ್ಷ ಕಾದರು.

ಬಿಚ್ಛಡಿಯನ್ನು ಎದುರಿಗಿಟ್ಟುಕೊಂಡಾಗ, ಕೊಳೆಯಿಂದ ಸಂಪತ್ತು ಎಂಬ ಉತ್ಸಾಹದ ಮಾತು ನನ್ನ ಬಾಯಲ್ಲಿ ಪೂರ್ತಿ ಹೊರಡುವುದಿಲ್ಲ. ಋಣ ಎಂಬುದಕ್ಕೆ ಲಾಭದ ಷರತ್ತು ಇರುವುದಿಲ್ಲ. ಪಡೆದವನು ತೀರಿಸಬೇಕು, ತೀರಿಸುವಾಗ ಕೈಗೆ ನಾಲ್ಕು ಕಾಸು ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ತೀರಿಸಬೇಕು. ಹಾಗೆಂದು ಲಾಭವನ್ನು ಕಂಡರೆ ಮುಖ ಸಿಂಡರಿಸುವವರ ಪಕ್ಷ ನನ್ನದಲ್ಲ. ಪಂಪು ನಡೆಸಲು ಸಂಬಳ ಬೇಕು, ಸಂಬಳಕ್ಕೆ ಆದಾಯ ಬೇಕು. ಕಲ್ಲಿದ್ದಲು ಮುಗಿದು ಕೆಲಸವಿಲ್ಲದ ಊರಿಗೆ ನೀರು ತೊಳೆಯುವ ಕೆಲಸವೇ ಒಂದು ಬದುಕಾಗುವುದಾದರೆ ಅದಕ್ಕಿಂತ ಹೆಚ್ಚಿನ ನ್ಯಾಯ ಯಾವುದಿದೆ? ತಾತ ನೆಲದ ಕೆಳಗೆ ಕೆಡವಿದ್ದನ್ನು ಮೊಮ್ಮಗಳು ನೆಲದ ಮೇಲೆ ನೆಟ್ಟಗೆ ಮಾಡಿ ಸಂಬಳ ಪಡೆಯುವುದು ಮರ್ಯಾದೆಯ ದುಡಿಮೆ.

ಈ ಪ್ರಶ್ನೆ ಕನ್ನಡ ನಾಡಿನ ಬಾಗಿಲಿಗೂ ಬಂದು ನಿಂತಿದೆ. ಕೋಲಾರ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಜಾನ್ ಟೇಲರ್ ಕಂಪನಿ 1880ರಲ್ಲಿ ಹೂಡಿದ ಗಣಿಗಾರಿಕೆಯಿಂದ ಅಲ್ಲಿಯವರೆಗೆ 800 ಟನ್ನು ಚಿನ್ನ ಹೊರಬಿತ್ತು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ ಊರಿನ ನಡುವೆಯೇ ಹದಿಮೂರು ದಿಬ್ಬಗಳಾಗಿ ಬೆಳೆಯಿತು. ಸುಮಾರು 3.3 ಕೋಟಿ ಟನ್. ಜನರ ಬಾಯಲ್ಲಿ ಅವು ಸೈನೈಡ್ ಗುಡ್ಡಗಳು. ಗಾಳಿ ಬೀಸಿದರೆ ಆ ಪುಡಿ ಮನೆಗಳ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ಶಾಲೆಗೆ ಹೊರಟ ಮಕ್ಕಳ ಮುಖದ ಮೇಲೆ ಬೀಳುತ್ತದೆ. ಗಣಿಯಲ್ಲಿ ದುಡಿದು ಪುಪ್ಪುಸಕ್ಕೆ ಕಲ್ಲಿನ ದೂಳು ತುಂಬಿಕೊಂಡವರ ಕುಟುಂಬಗಳೇ ಗಣಿ ಮುಚ್ಚಿದ ಮೇಲೂ ಈ ದೂಳಿನ ಕೆಳಗೆ ಉಳಿದವು. ದಿಬ್ಬದ ಮೇಲೆ ಹಸಿರು ಹೊದಿಸಿ, ದೂಳು ಕಟ್ಟಿಹಾಕಿ ಎಂಬುದು ಅಲ್ಲಿನವರ ಹಳೆಯ ಕೂಗು. ಚಿನ್ನದ ಬೆಲೆ ಗಗನಕ್ಕೇರಿದ ಮೇಲೆ ದಿಬ್ಬಗಳ ಕಡೆಗೆ ದೃಷ್ಟಿ ತಿರುಗಿತು. ಸುಮಾರು ಸಾವಿರ ಎಕರೆಯಲ್ಲಿರುವ ಈ ಹದಿಮೂರು ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು.

ತೆಗೆಯಲಿ. ಆದರೆ ಆ ಪುಡಿಯಲ್ಲಿರುವ ಚಿನ್ನ ಟನ್ನಿಗೆ ಒಂದು ಗ್ರಾಂ ಇದ್ದರೆ ಹೆಚ್ಚು. 3.3 ಕೋಟಿ ಟನ್ನಿನಿಂದ ಆ ಗ್ರಾಮುಗಳನ್ನು ಕಳೆದರೆ ಉಳಿಯುವುದು ಮತ್ತೆ 3.3 ಕೋಟಿ ಟನ್ನೇ. ಅದನ್ನು ಕಲಸಲು ನೀರು ಬೇಕು. ಕೋಲಾರವೋ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೆರೆ ತುಂಬಿಸಿಕೊಂಡ ಜಿಲ್ಲೆ. ಆ ನೀರಿಗೆ ಮೂರನೆಯ ಹಂತದ ಶುದ್ಧೀಕರಣವೂ ಆಗಲಿ ಎಂದು ವರ್ಷಗಳಿಂದ ಪಟ್ಟು ಹಿಡಿದಿರುವ ಜನ ಅಲ್ಲಿದ್ದಾರೆ. ನೀರಿನ ಗುಣವನ್ನು ಅಳೆದು ಕೇಳುವುದು ಅವರಿಗೆ ರೂಢಿಯಾಗಿದೆ. ಅವರು ಈ ದಿಬ್ಬಗಳ ಬಗ್ಗೆಯೂ ಕೇಳಬೇಕಾದ್ದು ಪಟ್ಟಿ ಮಾಡುವಷ್ಟಿದೆ: ಚಿನ್ನ ತೆಗೆದ ಪುಡಿ ಮತ್ತೆ ಅದೇ ಬಯಲಿಗೆ ಬೀಳುತ್ತದೆಯೋ, ಗಣಿಯ ಪೊಳ್ಳುಗಳಿಗೆ ಇಳಿಯುತ್ತದೆಯೋ, ಅಡಿಗೆ ಹಾಸು ಹಾಕಿ ಮೇಲೆ ಮಣ್ಣು ಹೊದಿಸುತ್ತಾರೋ, ಕೊರೆದ ಬಾವಿಗಳ ನೀರನ್ನು ಯಾರು ಪರೀಕ್ಷಿಸಿ ಯಾವ ಫಲಕದ ಮೇಲೆ ಬರೆಯುತ್ತಾರೆ, ಚಿನ್ನದ ಬೆಲೆ ಇಳಿದು ಗುತ್ತಿಗೆದಾರ ಅರ್ಧಕ್ಕೆ ಎದ್ದುಹೋದರೆ ತೋಡಿಟ್ಟ ದಿಬ್ಬವನ್ನು ಮುಚ್ಚುವ ಹಣ ಯಾವ ಬ್ಯಾಂಕಿನಲ್ಲಿ ಯಾರ ಹೆಸರಿನಲ್ಲಿ ಠೇವಣಿಯಾಗಿದೆ. ರಾಜ್ಯಕ್ಕೆ ಬರುವ ರಾಯಧನದ ಅಂಕಿಗಿಂತ ಮೊದಲು ಈ ಉತ್ತರಗಳು ಕರಾರು ಪತ್ರದ ಮೊದಲ ಪುಟದಲ್ಲಿ ಇರಬೇಕು. ಅದರ ಕನ್ನಡ ಮತ್ತು ತಮಿಳು ಪ್ರತಿಗಳು ದಿಬ್ಬದ ಕೆಳಗಿನ ಕಾಲೋನಿಗಳ ಮನೆಮನೆಗೂ ಮೊದಲ ಬುಟ್ಟಿ ಮಣ್ಣು ಎತ್ತುವ ಮುಂಚೆಯೇ ತಲುಪಬೇಕು.